ಪೊಸಾದಾ ಸಂತೆಯಲ್ಲಿ ಎಳ್ಳು-ಬೆಲ್ಲ: ಮೆಕ್ಸಿಕೊದಲ್ಲಿ ಸಂಕ್ರಾಂತಿ ಮಾಡುವ ಬಗೆ

ಮೆಕ್ಸಿಕೊಗೆ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ಜನವರಿ ಹತ್ತಿರ ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಎಳ್ಳು-ಬೆಲ್ಲಕ್ಕೆ ಸಾಮಾನು ಎಲ್ಲಿ ತರೋಣ? ಹೆಚ್ಚಿನವರು ಮೊದಲು ಇಂಡಿಯನ್ ಅಂಗಡಿ ಹುಡುಕುತ್ತಾರೆ, ಅಲ್ಲಿ ಇಲ್ಲದ್ದನ್ನು ಆನ್‌ಲೈನಿನಲ್ಲಿ ದುಪ್ಪಟ್ಟು ಬೆಲೆ ಕೊಟ್ಟು ತರಿಸುತ್ತಾರೆ. ಅಷ್ಟು ಕಷ್ಟಪಡಬೇಕಾಗಿಲ್ಲ. ಡಿಸೆಂಬರ್ 16ರಿಂದ 24ರವರೆಗೆ, ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನ, ಇಲ್ಲಿ ಪೊಸಾದಾ ಹಬ್ಬ. ಆ ದಿನಗಳಲ್ಲಿ ಮನೆ ಹತ್ತಿರದ ಯಾವುದೇ ಮಾರುಕಟ್ಟೆಗೆ ಹೋಗಿ ನೋಡಿ, ಸಿಪ್ಪೆ ಸಮೇತ ಕಡಲೆಕಾಯಿಯ ರಾಶಿ, ಕಟ್ಟುಕಟ್ಟು ಕಬ್ಬು, ಗೆಣಸು, ತೆಂಗಿನಕಾಯಿ, ಶಂಕುವಿನಾಕಾರದ ಬೆಲ್ಲ. ನಮ್ಮ ಗಾಂಧಿ ಬಜಾರಿನಲ್ಲಿ ಜನವರಿ ಎರಡನೇ ವಾರ ಕಾಣುವ ಸಂತೆ ಇಲ್ಲಿ ಮೂರು ವಾರ ಮೊದಲೇ ನೆರೆದಿರುತ್ತದೆ. ಹಬ್ಬ ಚೆನ್ನಾಗಿ ಆಗಬೇಕೆಂದರೆ ಸಾಮಾನನ್ನು ಆಗಲೇ ತಂದಿಟ್ಟುಕೊಳ್ಳಬೇಕು. ಮಿಕ್ಕಿದ್ದೆಲ್ಲ ಸುಲಭ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಮೆಕ್ಸಿಕೊ 2022ರಲ್ಲಿ ದೇಶದ ಬಹುಪಾಲು ಕಡೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಕೈಬಿಟ್ಟಿದೆ. ಹಾಗಾಗಿ ಮೆಕ್ಸಿಕೊ ನಗರ, ಗ್ವಾದಲಹಾರಾ, ಮೊಂತೆರ್ರೇ, ಕೆರೆತಾರೊ ಎಲ್ಲವೂ ವರ್ಷವಿಡೀ ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಸಂಕ್ರಮಣ ಎನ್ನುವುದು ಸೂರ್ಯ ಮಕರ ರಾಶಿಗೆ ಕಾಲಿಡುವ ಒಂದು ಗಳಿಗೆ. ಭೂಮಿಯ ಮೇಲೆ ಎಲ್ಲರಿಗೂ ಅದು ಒಂದೇ, ಗಡಿಯಾರ ಮಾತ್ರ ಬೇರೆ. 2027ರಲ್ಲಿ ಅದು ಭಾರತದಲ್ಲಿ ಜನವರಿ 14ರ ರಾತ್ರಿ ಒಂಬತ್ತರ ಆಸುಪಾಸಿಗೆ ಬೀಳುವುದರಿಂದ ಊರಿನಲ್ಲಿ ಹಬ್ಬ 15ಕ್ಕೆ. ಇಲ್ಲಿ ಅದೇ ಗಳಿಗೆ 14ರ ಬೆಳಗ್ಗೆಯೇ ಬಂದುಬಿಡುತ್ತದೆ. ಪಂಚಾಂಗ ನೋಡಿ ಮಾಡುವವರು ಮೆಕ್ಸಿಕೊ ನಗರದ ಸಮಯ ಹಾಕಿ ನೋಡಬೇಕು, ಬೆಂಗಳೂರಿನ ಕ್ಯಾಲೆಂಡರನ್ನು ಹಾಗೇ ಅನುಸರಿಸಬಾರದು.

ಪೂಜೆಯನ್ನು ಆ ದಿನವೇ ಮುಗಿಸಿ, ಎಳ್ಳು ಬೀರುವುದನ್ನೂ ಊಟವನ್ನೂ ಶನಿವಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಜನವರಿ 14ಕ್ಕೆ ರಜೆ ಇಲ್ಲ, ಕೆಲಸದ ದಿನ ಸಂಜೆ ನೆರೆಯವರು ಮನೆ ಸೇರುವುದೇ ತಡ. ಜನವರಿ 6ಕ್ಕೆ ಮೂವರು ರಾಜರ ಹಬ್ಬ ಮುಗಿದಿರುತ್ತದೆ, ಫೆಬ್ರವರಿ 2ಕ್ಕೆ ಕಾಂದೆಲಾರಿಯಾ ಎಂಬ ಚರ್ಚಿನ ಹಬ್ಬ. ಆ ಎರಡರ ನಡುವಿನ ಬಿಡುವಿನಲ್ಲಿ ನಮ್ಮ ಹಬ್ಬ ಸರಿಯಾಗಿ ಕೂರುತ್ತದೆ.

ಡಿಸೆಂಬರಿನಲ್ಲೇ ತಂದಿಡಬೇಕಾದ್ದು

ತಿಯಾಂಗಿಸ್ ಎಂದರೆ ವಾರಕ್ಕೊಮ್ಮೆ ಬೀದಿಯಲ್ಲಿ ಸೇರುವ ಸಂತೆ, ಮೆರ್ಕಾದೊ ಎಂದರೆ ಸೂರಿರುವ ಕಾಯಂ ಮಾರುಕಟ್ಟೆ. ಎರಡೂ ಕಡೆ ಸೂಪರ್ ಮಾರ್ಕೆಟ್ಟಿಗಿಂತ ಒಳ್ಳೆಯ ಸಾಮಾನು ಸಿಗುತ್ತದೆ. ಮೆಕ್ಸಿಕೊ ನಗರದವರು ಅಲ್ಲಿನ ದೊಡ್ಡ ಮಾರುಕಟ್ಟೆ ಲಾ ಮೆರ್ಸೆದ್‌ಗೆ ಒಂದು ಬೆಳಗ್ಗೆ ಹೋಗಿ ಬಂದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಸುತ್ತಿಗೆ ಮುಗಿಯುತ್ತದೆ.

ಕಬ್ಬಿಗೆ ಕಾನ್ಯಾ ಎನ್ನಿ. ಕಬ್ಬು ಅರೆಯುವ ಕಾಲ ನವೆಂಬರಿನಲ್ಲಿ ಶುರುವಾಗಿ ಬೇಸಿಗೆಯವರೆಗೆ ನಡೆಯುವುದರಿಂದ ಜನವರಿಯಲ್ಲೂ ಸಿಗುತ್ತದೆ. ಆದರೆ ಪೊಸಾದಾದಲ್ಲಿ ಕಾಯಿಸುವ ಪೊಂಚೆ ಎಂಬ ಬಿಸಿ ಹಣ್ಣಿನ ಪಾನಕಕ್ಕೆ ಕಬ್ಬು ಬೇಕೇ ಬೇಕಾದ್ದರಿಂದ ರಾಶಿ ರಾಶಿ ಬರುವುದು ಡಿಸೆಂಬರಿನಲ್ಲಿ. ಜನವರಿ 6 ದಾಟಿತೆಂದರೆ ಬೀದಿ ಬದಿಯ ಗಾಡಿಗಳಲ್ಲಿ ಕಡಿಮೆಯಾಗುತ್ತದೆ. ನಿಮ್ಮ ಮಾಮೂಲಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಉದ್ದದ ಜಲ್ಲೆಯನ್ನೇ ತಂದುಕೊಡುತ್ತಾರೆ. ದೇವರ ಮುಂದೆ ನಿಲ್ಲಿಸಲು ಅದು ಬೇಕು, ಸಿಪ್ಪೆ ಸುಲಿದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಟ್ಟ ತುಂಡು ಸಾಲದು.

ಎಲಚಿ ಹಣ್ಣು ಇಲ್ಲಿಲ್ಲ. ಅದರ ಜಾಗಕ್ಕೆ ತೆಹೊಕೊತೆ ಇದೆ: ಗೋಲಿಗಿಂತ ತುಸು ದೊಡ್ಡದಾದ, ಹಳದಿ-ಕಿತ್ತಳೆ ಬಣ್ಣದ, ಒಗರು-ಹುಳಿಯ ಹಣ್ಣು. ಒಳಗೆ ಗಟ್ಟಿ ಬೀಜಗಳು. ಪೊಂಚೆಗೆ ಇದೂ ಬೇಕು, ಹಾಗಾಗಿ ಡಿಸೆಂಬರ್ ಕೊನೆಯವರೆಗೆ ಎಲ್ಲೆಲ್ಲೂ ಇರುತ್ತದೆ, ಆಮೇಲೆ ಬೇಗ ಮಾಯವಾಗುತ್ತದೆ. ಚಿಕ್ಕವನ್ನೇ ಆರಿಸಿ, ತೊಳೆಯದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ತಳದ ಡಬ್ಬಿಯಲ್ಲಿಡಿ.

ಬೆಲ್ಲಕ್ಕೆ ಪಿಲೊನ್ಸಿಯೊ. ಎರಡು ಬಣ್ಣದಲ್ಲಿ ಬರುತ್ತದೆ. ಎಳ್ಳು-ಬೆಲ್ಲಕ್ಕೆ ತಿಳಿ ಬಣ್ಣದ್ದು, ಹುಗ್ಗಿಗೆ ಕಪ್ಪಗಿನದು. ಎಳ್ಳಿಗೆ ಅಹೊನ್‌ಹೊಲಿ, ಕಡಲೆಕಾಯಿ ಬೀಜಕ್ಕೆ ಕಾಕಾವಾತೆ, ಗೆಣಸಿಗೆ ಕಾಮೊತೆ ಎನ್ನಬೇಕು. ಬೀಜ ಕೊಳ್ಳುವಾಗ ಕ್ರೂದೊ, ಅಂದರೆ ಹಸಿಯದು, ಎಂದು ಒತ್ತಿ ಹೇಳಿ. ಇಲ್ಲದಿದ್ದರೆ ಉಪ್ಪು, ನಿಂಬೆ, ಮೆಣಸಿನಪುಡಿ ಸವರಿದ್ದನ್ನು ಅಳೆದು ಕೊಟ್ಟುಬಿಡುತ್ತಾರೆ. ಗೋಡಂಬಿಗೆ ಇಲ್ಲಿನ ಹೆಸರು ನುಎಸ್ ದೆ ಲಾ ಇಂದಿಯಾ.

ಹುರಿಗಡಲೆ ಮಾತ್ರ ಇಲ್ಲಿ ಸಿಗುವುದಿಲ್ಲ. ಸೊನೋರಾ, ಸಿನಲೋವಾ ಕಡೆ ಬೆಳೆಯುವುದು ದಪ್ಪ ಕಾಬೂಲಿ ಕಡಲೆ, ಅದನ್ನು ಹುರಿದರೆ ಹಲ್ಲಿಗೆ ಗಟ್ಟಿ. ಊರಿಂದ ಬರುವವರು ಯಾರಾದರೂ ಇದ್ದರೆ ಕಂಪನಿಯ ಸೀಲ್ ಮತ್ತು ಲೇಬಲ್ ಇರುವ ಅರ್ಧ ಕಿಲೋ ಪ್ಯಾಕೆಟ್ ತರಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಸೆನಾಸಿಕಾ ಎಂಬ ಸರ್ಕಾರಿ ಇಲಾಖೆ ಆಹಾರ ತಪಾಸಣೆ ಮಾಡುತ್ತದೆ. ಅಮ್ಮ ಕಟ್ಟಿಕೊಟ್ಟ ಬಿಡಿ ಕಾಳು, ಹಸಿ ಹಣ್ಣು, ಮಾವಿನೆಲೆ ಯಾವುದನ್ನೂ ಸೂಟ್‌ಕೇಸಿಗೆ ಹಾಕಿಸಬೇಡಿ, ತಂದ ಪ್ಯಾಕೆಟ್ಟನ್ನು ಫಾರ್ಮಿನಲ್ಲಿ ಘೋಷಿಸಿ. ಯಾರೂ ಬರುತ್ತಿಲ್ಲವೇ? ಹುರಿಗಡಲೆ ಇಲ್ಲದೆಯೇ ಮಾಡಿ, ಬೀಜವನ್ನು ಸ್ವಲ್ಪ ಹೆಚ್ಚಿಸಿ. ನಾಲ್ಕೇ ಸಾಮಾನಿನ ಎಳ್ಳು-ಬೆಲ್ಲವೂ ಎಳ್ಳು-ಬೆಲ್ಲವೇ.

ಇದೇ ಬೀಜದ ಬಗ್ಗೆ ಒಂದು ಮಾತು. ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ಯುರೋಪಿನವರು ಬರುವ ಮುಂಚೆಯೇ ಅದು ಮೆಕ್ಸಿಕೊದಲ್ಲಿತ್ತು. ಅವರ ಹಡಗುಗಳು ಓಡಾಡಿದ ಮೇಲೆ ಭಾರತ ತಲುಪಿತು. ಗೆಣಸೂ ಮೆಣಸಿನಕಾಯಿಯೂ ಅದೇ ಕಡಲ ದಾರಿಯವು. ಎಳ್ಳೂ ಕಬ್ಬೂ ಎದುರು ದಿಕ್ಕಿನಲ್ಲಿ ಪ್ರಯಾಣ ಮಾಡಿ ಇಲ್ಲಿಗೆ ಬಂದವು. ನಾವು ತಟ್ಟೆಯಲ್ಲಿ ಕಲೆಸುವುದು ಎರಡೂ ದಿಕ್ಕಿನ ಸಾಮಾನನ್ನು. ಪರದೇಶದಲ್ಲಿ ಹಬ್ಬ ಮಾಡುತ್ತಿದ್ದೇವೆ, ಏನೋ ಕೊರತೆಯಾಗಿದೆ ಎಂದು ಮನಸ್ಸು ಮುದುಡಿದಾಗ ನನಗೆ ಇದು ನಿಜವಾಗಿಯೂ ಧೈರ್ಯ ಕೊಡುತ್ತದೆ.

ಎಳ್ಳು-ಬೆಲ್ಲ ಕಟ್ಟುವುದು

ಕೊಬ್ಬರಿಯಿಂದ ಶುರುಮಾಡಿ, ಅದಕ್ಕೇ ಹೆಚ್ಚು ದಿನ ಬೇಕು. ಅಂಗಡಿಯಲ್ಲಿ ಸಿಗುವ ಕೊಕೊ ರಯಾದೊ, ಅಂದರೆ ತುರಿದ ಕೊಬ್ಬರಿ, ಬೇಡ. ಅದಕ್ಕೆ ಅನೇಕ ಸಲ ಸಕ್ಕರೆ ಸೇರಿಸಿರುತ್ತಾರೆ, ತುರಿಯಾದ್ದರಿಂದ ಚೂರು ಮಾಡಲೂ ಬರುವುದಿಲ್ಲ. ಬಲಿತ ತೆಂಗಿನಕಾಯಿ ಎರಡು ಒಡೆದು, ಕಂದು ಸಿಪ್ಪೆ ಹೆರೆದು ತೆಗೆದು, ಬೆರಳುದ್ದದ ತೆಳು ಹೋಳು ಮಾಡಿ. ಮೆಕ್ಸಿಕೊ ನಗರದ ಜನವರಿ ಒಣ ಹವೆ, ಹಗಲೆಲ್ಲ ಚುರುಕು ಬಿಸಿಲು. ಬಟ್ಟೆ ಮುಚ್ಚಿ ಮೂರು ದಿನ ಒಣಗಿಸಿ, ರಾತ್ರಿ ಒಳಗೆ ತಂದಿಡಿ. ಬಿಸಿಲು ಬೀಳದ ಫ್ಲ್ಯಾಟಿನವರು ಓವನ್ನನ್ನು 70–80 ಡಿಗ್ರಿ ಸೆಲ್ಸಿಯಸ್ಸಿಗೆ ಇಟ್ಟು, ಬಾಗಿಲು ಸಂದು ಬಿಟ್ಟು, ನಾಲ್ಕೈದು ಗಂಟೆ ಒಣಗಿಸಬಹುದು. ಬಾಗಿಸಿದರೆ ಟಕ್ಕನೆ ಮುರಿಯಬೇಕು. ಬಾಗಿತೆಂದರೆ ಇನ್ನೂ ನೀರಿದೆ, ಆ ಕೊಬ್ಬರಿ ಡಬ್ಬಿಯಲ್ಲಿ ಮುಗ್ಗಲು ಹಿಡಿಯುತ್ತದೆ. ಒಣಗಿದ ಮೇಲೆ ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ.

ಪಿಲೊನ್ಸಿಯೊ ನಮ್ಮ ಅಚ್ಚು ಬೆಲ್ಲಕ್ಕಿಂತ ಗಟ್ಟಿ. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆಯೇ ಹೊರತು ಚೌಕ ಚೂರು ಬರುವುದಿಲ್ಲ. ಮೈಕ್ರೋವೇವಿನಲ್ಲಿ ಇಪ್ಪತ್ತು ಸೆಕೆಂಡ್ ಇಟ್ಟು ತೆಗೆದು, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿರಿ. ಬಿಲ್ಲೆ ತಣಿಯುವ ಮುಂಚೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಕತ್ತರಿಸಿದರೆ ಅಚ್ಚುಕಟ್ಟಾದ ಚೂರು ಸಿಗುತ್ತದೆ. ತಣಿದರೆ ಮತ್ತೆ ಹತ್ತು ಸೆಕೆಂಡ್. ಕಾಗದದ ಮೇಲೆ ಹರಡಿ ಒಂದು ರಾತ್ರಿ ಬಿಡಿ, ಒಂದಕ್ಕೊಂದು ಅಂಟುವುದಿಲ್ಲ.

ಬೀಜವನ್ನು ಹದವಾಗಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಎರಡು ಹೋಳು ಮಾಡಿ. ಎಳ್ಳನ್ನು ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ. ಅಳತೆ ಹೀಗಿಟ್ಟುಕೊಳ್ಳಿ: ಬೀಜ ಎರಡು ಬಟ್ಟಲು, ಕೊಬ್ಬರಿ ಎರಡು, ಬೆಲ್ಲ ಒಂದೂವರೆ, ಹುರಿಗಡಲೆ ಇದ್ದರೆ ಒಂದು, ಎಳ್ಳು ಒಂದು. ಎಲ್ಲ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು.

ಉತ್ತರ ಕರ್ನಾಟಕದವರಿಗೆ ಕುಸುರೆಳ್ಳು ಬೇಕು. ಪೊಸಾದಾ ಸಂತೆಯಲ್ಲಿ ಕೊಲಾಸಿಯೋನ್ ಎಂಬ ಮಿಠಾಯಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ: ಸೋಂಪು, ಕಡಲೆಬೀಜ, ಕಿತ್ತಳೆ ಸಿಪ್ಪೆಗೆ ಪದರ ಪದರವಾಗಿ ಸಕ್ಕರೆ ಹತ್ತಿಸಿದ್ದು, ಬಿಳಿ, ಗುಲಾಬಿ, ಹಸಿರು ಬಣ್ಣ. ಚಿಕ್ಕ ಕಾಳಿನದನ್ನು ಆರಿಸಿದರೆ ಕುಸುರೆಳ್ಳಿನ ತಟ್ಟೆ ತುಂಬುತ್ತದೆ. ಶೇಂಗಾ ಹೋಳಿಗೆಗಂತೂ ಎಲ್ಲವೂ ಇಲ್ಲಿನದೇ ಸಾಕು. ಬಿಳಿಜೋಳದ ಆಸೆ ಮಾತ್ರ ಬಿಡಿ, ಇಲ್ಲಿ ಜೋಳ ಹೆಚ್ಚಾಗಿ ದನದ ಮೇವಿಗೆ ಹೋಗುತ್ತದೆ.

ಸಕ್ಕರೆ ಅಚ್ಚು: ಅಕ್ಟೋಬರಿನಿಂದಲೇ ಕಣ್ಣಿಡಿ

ಸಕ್ಕರೆ ಅಚ್ಚಿನ ವಿದ್ಯೆ ಈ ದೇಶದಲ್ಲೂ ಜೀವಂತವಾಗಿದೆ. ಸತ್ತವರ ಹಬ್ಬಕ್ಕೆ ಮೊದಲು ತೊಲೂಕಾ ಊರಿನ ಪೊರ್ತಾಲೆಸ್ ಕಮಾನುಗಳ ಕೆಳಗೆ ಅಲ್ಫೆನ್ಯೀಕೆ ಜಾತ್ರೆ ನಡೆಯುತ್ತದೆ. ಸಕ್ಕರೆಯ ತಲೆಬುರುಡೆಗಳಿಗೆ ಅದು ಪ್ರಸಿದ್ಧ. ಬಿಸಿ ಪಾಕವನ್ನು ಮಣ್ಣಿನ ಅಚ್ಚಿಗೆ ಹೊಯ್ದು ಮಾಡುವ ಈ ಕೆಲಸ ನೋಡಿದರೆ ಮರದ ಅಚ್ಚಿಗೆ ಪಾಕ ಹೊಯ್ಯುವ ನಮ್ಮ ಅಜ್ಜಿಯರ ಕೈ ನೆನಪಾಗುತ್ತದೆ. ಬುರುಡೆಯ ಜೊತೆಗೆ ಕುರಿಮರಿ, ಬಾತುಕೋಳಿಗಳೂ ಇರುತ್ತವೆ. ಅಚ್ಚು ಮಾರುತ್ತೀರಾ ಎಂದು ಕುಶಲಕರ್ಮಿಗಳನ್ನೇ ಕೇಳಿ. ಸಿಗಲಿಲ್ಲವೆಂದರೆ ಬೇಕರಿ ಸಾಮಾನಿನ ಅಂಗಡಿಯ ಸಿಲಿಕಾನ್ ಅಚ್ಚು ಆದೀತು. ಎಳ್ಳು ಬೀರುವ ತಟ್ಟೆಗೆ ಬುರುಡೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಆ ಆಕಾರಕ್ಕೆ ಇಲ್ಲಿ ತನ್ನದೇ ದಿನ, ತನ್ನದೇ ಗೌರವ ಇದೆ.

ಎಚ್ಚರಿಕೆ ಒಂದು: ಹೊಳಪಿನ ಮೆರುಗು ಕೊಟ್ಟ ಮಣ್ಣಿನ ಪಾತ್ರೆಗಳಲ್ಲಿ ಇಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅಚ್ಚಾಗಲಿ, ಪೊಂಗಲ್ ಮಾಡುವ ಗಡಿಗೆಯಾಗಲಿ, ಮೆರುಗಿಲ್ಲದ್ದನ್ನು ಅಥವಾ ಸಿನ್ ಪ್ಲೋಮೊ, ಅಂದರೆ ಸೀಸರಹಿತ, ಎಂದು ಬರೆದದ್ದನ್ನು ಮಾತ್ರ ಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಾಜಿ ಬೇಡ.

ಒಂದು ಕಿಲೋ ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ. ಕಾಲು ಲೋಟ ಹಾಲು ಸುರಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ನಿಂಬೆರಸ ಬಿಡಿ. ಇದರಲ್ಲಿ ಎರಡು ಸೌಟು ಮಾತ್ರ ಚಿಕ್ಕ ಬಾಣಲೆಗೆ ಹಾಕಿಕೊಂಡು ಗಟ್ಟಿ ಎಳೆ ಪಾಕ ಬರುವವರೆಗೆ ಕಾಯಿಸಿ, ಒಲೆಯಿಂದ ಇಳಿಸಿ ಬಾಣಲೆಯ ಅಂಚಿಗೆ ಸೌಟಿನ ಬೆನ್ನಿಂದ ಉಜ್ಜುತ್ತಾ ಹೋಗಿ. ತಿಳಿಯಾಗಿದ್ದ ಪಾಕ ಅಂಚಿನಿಂದ ಹಾಲಿನ ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ. ಆ ಕ್ಷಣ ತಡಮಾಡದೆ ಅಚ್ಚಿಗೆ ಹೊಯ್ಯಬೇಕು. ಮರದ ಅಥವಾ ಮಣ್ಣಿನ ಅಚ್ಚಾದರೆ ಮೊದಲೇ ನೀರಿನಲ್ಲಿ ನೆನೆಸಿ, ಎರಡು ಹೋಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿರಬೇಕು. ಹತ್ತು ನಿಮಿಷಕ್ಕೆ ಬಿಚ್ಚಬಹುದು.

ಥರ್ಮಾಮೀಟರ್ ನೋಡಿ ಪಾಕ ಮಾಡುವವರು ಗಮನಿಸಿ. ಮೆಕ್ಸಿಕೊ ನಗರ ಸಮುದ್ರ ಮಟ್ಟಕ್ಕಿಂತ 2240 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 92–93 ಡಿಗ್ರಿಗೇ ಕುದಿಯುತ್ತದೆ. ಪುಸ್ತಕದಲ್ಲಿ ಬರೆದ ಪಾಕದ ಉಷ್ಣತೆಯಿಂದ ಏಳು ಡಿಗ್ರಿ ಕಳೆಯಿರಿ, ಇಲ್ಲವೇ ಬೆರಳ ನಡುವಿನ ಎಳೆಯನ್ನೇ ನಂಬಿ. ಮೊಂತೆರ್ರೇ ತಗ್ಗಿನ ಊರು, ಅಲ್ಲಿನವರಿಗೆ ಈ ತೊಂದರೆ ಇಲ್ಲ.

ಹುಗ್ಗಿ ಮತ್ತು ಅವರೆಕಾಳಿಲ್ಲದ ಅಡುಗೆಮನೆ

ಅಕ್ಕಿಗೆ ಮೊರೆಲೋಸ್ ರಾಜ್ಯದ್ದನ್ನು ಹುಡುಕಿ. ದಪ್ಪ ಕಾಳು, ಚೆನ್ನಾಗಿ ನೀರು ಹೀರುತ್ತದೆ, 2012ರಿಂದ ಅದಕ್ಕೆ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ. ಹುಗ್ಗಿಗೆ ಬಾಸ್ಮತಿಗಿಂತ ಇದು ಎಷ್ಟೋ ಮೇಲು. ಹೆಸರುಬೇಳೆಯನ್ನು ಮಾತ್ರ ಇಂಡಿಯನ್ ಅಂಗಡಿಯಿಂದಲೋ ಆನ್‌ಲೈನಿನಲ್ಲೋ ತರಿಸಬೇಕು. ಒಂದು ಬಟ್ಟಲು ಅಕ್ಕಿ, ಮುಕ್ಕಾಲು ಬಟ್ಟಲು ಹುರಿದ ಬೇಳೆ, ಐದು ಬಟ್ಟಲು ನೀರು, ಕುಕ್ಕರಿನಲ್ಲಿ ಊರಿಗಿಂತ ಎರಡು ಕೂಗು ಹೆಚ್ಚು. ಪಿಲೊನ್ಸಿಯೊವನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ ಸೋಸಿಯೇ ಹಾಕಿ, ತಳದಲ್ಲಿ ಕಸ ನಿಲ್ಲುತ್ತದೆ. ಹಾಲು ಸೇರಿಸುವವರು ಹುಗ್ಗಿ ಬೆಚ್ಚಗಾದ ಮೇಲೆ ಸೇರಿಸಿ, ಇಲ್ಲದಿದ್ದರೆ ಒಡೆಯುತ್ತದೆ. ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ತುಪ್ಪ ಸಿದ್ಧ. ಏಲಕ್ಕಿ ದುಬಾರಿ ಅನಿಸಬಹುದು, ಆದರೆ ಪಕ್ಕದ ಗ್ವಾಟೆಮಾಲಾ ಜಗತ್ತಿಗೇ ಏಲಕ್ಕಿ ಕಳಿಸುವ ದೇಶ, ಮಸಾಲೆ ಅಂಗಡಿಗಳಲ್ಲಿ ಒಳ್ಳೆಯ ಮಾಲು ಸಿಗುತ್ತದೆ.

ಅವರೆಕಾಯಿ ಇಲ್ಲಿಲ್ಲ, ಅದರ ಸೊಗಡಂತೂ ಎಲ್ಲಿಯೂ ಸಿಗುವುದಿಲ್ಲ. ಆದರೆ ಹಿತಕಿದ ಬೇಳೆ ಸಾರಿನ ಹತ್ತಿರಕ್ಕೆ ಬರುವ ಕಾಳು ಒಂದಿದೆ: ಆಬಾಸ್. ಹಸಿಯದು ಸಿಕ್ಕರೆ ಕುದಿನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ತುದಿಯಲ್ಲಿ ಉಗುರು ತಾಗಿಸಿ ಹಿತಕಿದರೆ ಹಸಿರು ಬೇಳೆ ಪುಟಕ್ಕನೆ ಹೊರಗೆ ಜಿಗಿಯುತ್ತದೆ, ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸ. ಹಸಿಯದು ಇಲ್ಲದಿದ್ದರೆ ಸಿಪ್ಪೆ ತೆಗೆದ ಒಣ ಬೇಳೆ ವರ್ಷವಿಡೀ ಸಿಗುತ್ತದೆ, ಆದರೆ ಅದು ಬೇಗ ಕರಗಿ ಗಂಜಿಯಾಗುವುದರಿಂದ ಕುಕ್ಕರ್ ಬೇಡ. ಬ್ಯಾಡಗಿ ಬದಲಿಗೆ ಗ್ವಾಹೀಯೊ ಮೆಣಸಿನಕಾಯಿ ಹಾಕಿ, ಕೆಂಪು ಬಣ್ಣ ಚೆನ್ನಾಗಿ ಬಿಡುತ್ತದೆ, ಖಾರ ಕಡಿಮೆ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇದ್ದರೆ ಆಬಾಸ್ ಮುಟ್ಟಬಾರದು, ಅವರ ರಕ್ತಕ್ಕೆ ಅದು ಅಪಾಯ.

ಊಟಕ್ಕೆ ಬಾಳೆಲೆಯ ಚಿಂತೆಯೇ ಬೇಡ. ತಮಾಲೆ ಎಂಬ ಮೆಕ್ಕೆಜೋಳದ ಹಿಟ್ಟಿನ ಕಡುಬು ಸುತ್ತಲೆಂದು ಮಾರುಕಟ್ಟೆಯಲ್ಲಿ ಸುರುಳಿ ಸುರುಳಿಯಾಗಿ ಇಟ್ಟಿರುತ್ತಾರೆ. ಬೆಂಕಿಗೆ ಹಿಡಿಯದ ಹಸಿ ಎಲೆ ಕೊಡಿ ಎಂದು ಕೇಳಿ. ತೋರಣಕ್ಕೆ ಮಾವಿನೆಲೆ ಸಿಗದ ಕಡೆ ಪಪೆಲ್ ಪಿಕಾದೊ ಕಟ್ಟಬಹುದು, ಕ್ರಿಸ್ಮಸ್ ಮುಗಿದ ಮೇಲೆ ಈ ಕತ್ತರಿಸಿದ ಬಣ್ಣದ ಕಾಗದದ ಸರ ಅಗ್ಗ. ಧೂಪಕ್ಕೆ ಕೊಪಾಲ್, ಹೂವಿಗೆ ಮೆಕ್ಸಿಕೊ ನಗರದವರು ಹಮಾಯ್ಕಾ ಮಾರುಕಟ್ಟೆ ನೋಡಿ.

ಮಕ್ಕಳಿಗೆ: ಕರಿ ಎರೆಯುವುದು, ಪಿನ್ಯಾತಾ ಒಡೆಯುವುದು

ಹಳೆ ಮೈಸೂರಿನ ಕಡೆ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ತಲೆಯ ಮೇಲೆ ಎರೆದು ದೃಷ್ಟಿ ತೆಗೆಯುತ್ತಾರೆ. ಇಲ್ಲಿ ಪೊಸಾದಾದಲ್ಲಿ ಏಳು ಮೂಲೆಯ ನಕ್ಷತ್ರದಂಥ ಪಿನ್ಯಾತಾ ತೂಗುಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಅದನ್ನು ಕೋಲಿನಿಂದ ಒಡೆದಾಗ ಸುರಿಯುವುದು ಕಡಲೆಕಾಯಿ, ಕಬ್ಬಿನ ತುಂಡು, ತೆಹೊಕೊತೆ, ಕಿತ್ತಳೆ. ಮೆಕ್ಸಿಕೊ ನಗರದ ಬಳಿಯ ಅಕೊಲ್ಮನ್ ಮಠದಲ್ಲಿ 16ನೇ ಶತಮಾನದಲ್ಲಿ ಈ ಆಚರಣೆ ಬೇರೂರಿತು ಎಂದು ಇಲ್ಲಿನವರು ಹೇಳುತ್ತಾರೆ. ಆ ಏಳು ಮೂಲೆ ಏಳು ಪಾಪಗಳಂತೆ. ಎರಡೂ ಕಡೆ ಕೆಟ್ಟದ್ದು ಹೋಗಲಿ ಎಂದು ಮಕ್ಕಳ ಮೇಲೆ ಹಣ್ಣು ಸುರಿಯುತ್ತದೆ.

ಎರಡನ್ನೂ ಮಾಡಿ, ಬೆರೆಸಬೇಡಿ. ಐದು ವರ್ಷದೊಳಗಿನವರಿಗೆ ಬೆಳಗ್ಗೆಯೇ ಕರಿ ಎರೆದು ಆರತಿ ಮಾಡಿ. ತೆಹೊಕೊತೆ ಎಲಚಿಗಿಂತ ಭಾರ, ಹಾಗಾಗಿ ನಾಲ್ಕೈದು ಮಾತ್ರ ಹಾಕಿ, ಮಿಕ್ಕಿದ್ದಕ್ಕೆ ಹೂವಿನ ಎಸಳು, ಕಬ್ಬಿನ ಸಣ್ಣ ಚೂರು, ಅಕ್ಷತೆ ಸೇರಿಸಿ. ತಲೆಗೆ ತೀರ ಹತ್ತಿರದಿಂದ ಎರೆಯಿರಿ. ನೆಲಕ್ಕೆ ಬಿದ್ದ ಕಾಸನ್ನೂ ಬೀಜವನ್ನೂ ಆ ಕ್ಷಣವೇ ಆರಿಸಿ, ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ಸಂಜೆ ದೊಡ್ಡ ಮಕ್ಕಳಿಗೆ, ನೆರೆಮನೆ ಮಕ್ಕಳಿಗೆ ಪಿನ್ಯಾತಾ. ಒಳಗೆ ಮಣ್ಣಿನ ಗಡಿಗೆ ಇರುವ ಹಳೆ ಬಗೆಯದು ಚೆಂದ, ಆದರೆ ಚೂರು ಸಿಡಿಯುತ್ತದೆ. ರಟ್ಟಿನದೇ ವಾಸಿ. ಪೊಟ್ಟಣ ಕಟ್ಟಿದ ಎಳ್ಳು-ಬೆಲ್ಲವನ್ನೂ ಅದರೊಳಗೆ ತುಂಬಿ.

ಎಳ್ಳು ಬೀರುವುದು

ಪೊಸಾದಾದಲ್ಲಿ ಮಕ್ಕಳಿಗೆ ಕಡಲೆಕಾಯಿ-ಮಿಠಾಯಿ ತುಂಬಿ ಕೊಡುವ ಪುಟ್ಟ ಚೀಲಕ್ಕೆ ಆಗಿನಾಲ್ದೊ ಎನ್ನುತ್ತಾರೆ. ಅದೇ ಬಣ್ಣದ ಚೀಲದಲ್ಲಿ ನಮ್ಮ ಎಳ್ಳು-ಬೆಲ್ಲ, ಒಂದು ಅಚ್ಚು, ಎರಡು ತುಂಡು ಕಬ್ಬು ಹಾಕಿ ಕೊಟ್ಟರೆ ಯಾರಿಗೂ ಅಪರಿಚಿತ ಅನಿಸುವುದಿಲ್ಲ. ಇಲ್ಲಿನ ಪಾಲಾಂಕೆತಾ ಎಂದರೆ ನಮ್ಮ ಕಡಲೆಮಿಠಾಯಿಯೇ. ಬೆಲ್ಲ, ಎಳ್ಳು, ಬೀಜದ ರುಚಿ ಅವರ ನಾಲಿಗೆಗೆ ಹೊಸದಲ್ಲ. ಕೊಡುವಾಗ ಹೇಳುವ ಮಾತನ್ನು ಇಲ್ಲಿನ ಬಾಯಿಗೆ ಹೀಗೆ ಕೂರಿಸಬಹುದು: ಕೋಮಾನ್ ಅಹೊನ್‌ಹೊಲಿ ಕೊನ್ ಪಿಲೊನ್ಸಿಯೊ, ಇ ಆಬ್ಲೆನ್ ಬೊನೀತೊ. ಎಳ್ಳು-ಬೆಲ್ಲ ತಿನ್ನಿ, ಚೆಂದ ಮಾತಾಡಿ.

ಶಾಲೆಗೆ ಕೊಡುವ ಮುಂಚೆ ಟೀಚರನ್ನು ಕೇಳಿ, ಕಡಲೆಬೀಜದ ಅಲರ್ಜಿ ಇರುವ ಮಗು ತರಗತಿಯಲ್ಲಿ ಇರಬಹುದು. ಚೀಲದ ಮೇಲೆ ಒಳಗೇನಿದೆ ಎಂದು ಸ್ಪ್ಯಾನಿಷಿನಲ್ಲಿ ಬರೆಯಿರಿ. ನೆರೆಯವರನ್ನು ಊಟಕ್ಕೆ ಕರೆದರೆ ಅವರು ಬರಿಗೈಯಲ್ಲಿ ಬರಲು ಒಪ್ಪುವುದು ಕಷ್ಟ. ನೀವು ಸಸ್ಯಾಹಾರಿಗಳಾದರೆ ಸಂಕೋಚಪಡದೆ ಮೊದಲೇ ಹೇಳಿಬಿಡಿ. ತಮಾಲೆಯ ಹಿಟ್ಟಿಗೂ, ಹುರಿದು ಅರೆದ ಬೀನ್ಸಿಗೂ ಸಾಮಾನ್ಯವಾಗಿ ಹಂದಿಯ ಕೊಬ್ಬು ಹಾಕುತ್ತಾರೆ. ಸಿನ್ ಮಾಂತೇಕಾ ಎಂದರೆ ಅದಿಲ್ಲದ್ದು. ಹಣ್ಣು ಅಥವಾ ಪೊಂಚೆ ತನ್ನಿ ಎಂದರೆ ಅವರಿಗೂ ನಿರಾಳ, ನಿಮಗೂ ಕಬ್ಬು-ತೆಹೊಕೊತೆ ಬೆಂದ ಬಿಸಿ ಲೋಟ ಸಿಗುತ್ತದೆ. ಜನವರಿ ರಾತ್ರಿಯ ಚಳಿಗೆ ಹುಗ್ಗಿಯ ಜೊತೆ ಅದು ಬಹಳ ಹಿತ.

ಕಿಚ್ಚಿನ ಬದಲು

ಊರಲ್ಲಿ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದವರಿಗೆ ಅದಿಲ್ಲದೆ ಹಬ್ಬ ಮುಗಿದಂತೆ ಆಗುವುದಿಲ್ಲ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬೆಂಕಿ ಹಾಕುವ ಯೋಚನೆ ಬೇಡ. ಜನವರಿ 17ರವರೆಗೆ ಕಾಯಿರಿ. ಅಂದು ಸಾನ್ ಆಂತೊನಿಯೊ ಅಬಾದ್, ಸಾಕುಪ್ರಾಣಿಗಳ ಸಂತನ ದಿನ. ಹಲವು ಚರ್ಚುಗಳ ಮುಂದೆ ಜನ ತಮ್ಮ ನಾಯಿ, ಬೆಕ್ಕು, ಕೋಳಿ, ಹಳ್ಳಿಗಳಲ್ಲಿ ಹಸು-ಕತ್ತೆಗಳನ್ನೂ ರಿಬ್ಬನ್, ಹೂವಿನಿಂದ ಸಿಂಗರಿಸಿ ಕರೆತಂದು ಪಾದ್ರಿಯಿಂದ ನೀರು ಚಿಮುಕಿಸಿಕೊಂಡು ಹೋಗುತ್ತಾರೆ. 2027ರಲ್ಲಿ ಅದು ಭಾನುವಾರ. ಯಾವ ಹೊತ್ತಿಗೆ ಎಂದು ಬಡಾವಣೆಯ ಚರ್ಚಿನಲ್ಲಿ ಹಿಂದಿನ ದಿನವೇ ವಿಚಾರಿಸಿ. ಹಗ್ಗ ಬಿಗಿಯಾಗಿರಲಿ, ಸಾಲಿನಲ್ಲಿ ನಾಯಿಗಳು ಜಗಳಕ್ಕೆ ಬೀಳುತ್ತವೆ. ಮನೆಯಲ್ಲಿ ಪ್ರಾಣಿ ಇಲ್ಲದವರೂ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಮಿಕ್ಕ ಎಳ್ಳು-ಬೆಲ್ಲದ ಚೀಲಗಳನ್ನು ಜೊತೆಗೆ ಒಯ್ದರೆ ಹಂಚಲು ಜನ ಬೇಕಾದಷ್ಟು ಸಿಗುತ್ತಾರೆ.